ಕೂಲರ್ ಬಂದ ಬೇಸಿಗೆ

ಹೋದ ತಿಂಗಳು ಮಮದಾಪುರಕ್ಕೆ ಹೊರಟಿದ್ದೆ. ಬಬಲೇಶ್ವರದಲ್ಲಿ ಇಳಿದು ಬಸ್ಸು ಬದಲಿಸಬೇಕು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಅವತ್ತು ಸಂತೆ ಬೇರೆ. ಒಂದೇ ಕಡೆ ನಿಂತು ಕಾಯುವ ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ. ಸಂತೆಯೊಳಗೆ ಒಂದು ಸುತ್ತು ಹಾಕಿದೆ. ಒಣಮೆಣಸಿನಕಾಯಿಯ ರಾಶಿ, ಹಗ್ಗ, ಪ್ಲಾಸ್ಟಿಕ್ ಕೊಡಗಳನ್ನು ದಾಟಿ ಮೂಲೆಗೆ ಬಂದಾಗ ಒಬ್ಬ ಅಂಗಡಿಯವನು ಹಳೆಯ ಕೂಲರಿನ ಬದಿಗಳನ್ನು ಬಿಚ್ಚಿ ಕಟ್ಟಿಗೆಯ ಎಳೆಗಳ ಹೊಸ ಹುಲ್ಲು ತುಂಬುತ್ತಿದ್ದ. ತುಂಬಿದ್ದು ನೀರು ಹಿಡಿಯುತ್ತದೋ ಇಲ್ಲವೋ ನೋಡಲು ಅದರ ಮೇಲೆ ಒಂದು ತಂಬಿಗೆ ನೀರು ಸುರಿದ. ಹಸಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು.

ವಿಜಯಪುರದ ಕಡೆಯವರಿಗೆ ಈ ವಾಸನೆ ಬಂದರೆ ಬೇಸಿಗೆ ರಜೆ, ಮಾವಿನಹಣ್ಣು, ಮಧ್ಯಾಹ್ನದ ನಿದ್ದೆ ನೆನಪಾಗುತ್ತವೆ. ನನಗೆ ಸತ್ತುಹೋದ ಏಳು ಇಲಿಗಳು ನೆನಪಾಗುತ್ತವೆ. ಅವುಗಳ ಬೆನ್ನಿಗೇ ಎದ್ದು ಕೂತ ಆರು ಇಲಿಗಳೂ ನೆನಪಾಗುತ್ತವೆ. ಸಂತೆಯ ನಡುವೆ ನಿಂತು ನಗುವಂತಾಯಿತು.

ಆಗ ನಾನು ವಿಜಯಪುರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಪಿಜಿ ಓದುತ್ತಿದ್ದೆ. ಎರಡನೆಯ ವರ್ಷ, ಅಂದರೆ ಥೀಸಿಸ್ಸಿನ ವರ್ಷ. ನಮ್ಮ ವಾರ್ಡಿಗೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಹೋದ ಹೆಣ್ಣುಮಕ್ಕಳು ಕೆಲವು ತಿಂಗಳಲ್ಲೇ ತಿರುಗಿ ಬರುತ್ತಿದ್ದರು. ಮನೆಗೆ ಹೋದವರೇ ಕೊಡ ಎತ್ತಿರುತ್ತಾರೆ, ಮೇವಿನ ಹೊರೆ ಹೊತ್ತಿರುತ್ತಾರೆ. ಒಳಗಿನ ಹೊಲಿಗೆ ಸಡಿಲಾಗಿ ಹೊಟ್ಟೆಯ ಒಂದು ಕಡೆ ಉಬ್ಬಿಕೊಂಡಿರುತ್ತದೆ. ಒಳಪದರವನ್ನು ದೂರ ದೂರ ದೊಡ್ಡ ಹೊಲಿಗೆ ಹಾಕಿ ಮುಚ್ಚುವುದು ನಮ್ಮಲ್ಲಿನ ರೂಢಿ. ಅದರ ಬದಲು ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕಿದರೆ ಹೆಚ್ಚು ತಾಳುತ್ತದೆಯೇ ಎನ್ನುವುದು ನನ್ನ ಪ್ರಶ್ನೆ. ಅದನ್ನು ಇಲಿಗಳಲ್ಲಿ ನೋಡಬೇಕಿತ್ತು.

ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಕಾಲೇಜಿನ ಕಮಿಟಿಯ ಅನುಮತಿ ಬೇಕು. ಆ ಅರ್ಜಿಯಲ್ಲಿ ಒಂದು ಸಾಲು ಬರೆದಿದ್ದೆ: ‘ತಪ್ಪಿಸಬಹುದಾದ ಯಾವ ನೋವೂ ನನ್ನ ಕೈಯಲ್ಲಿ ಯಾವ ಪ್ರಾಣಿಗೂ ಆಗುವುದಿಲ್ಲ.’ ಬರೆದಿದ್ದೆ ಎನ್ನುವುದು ಸುಳ್ಳು. ಸೀನಿಯರ್ ಒಬ್ಬರ ಹಳೆಯ ಅರ್ಜಿಯಿಂದ ಇದ್ದ ಹಾಗೆ ಎತ್ತಿ ಹಾಕಿ ಸಹಿ ಮಾಡಿದ್ದೆ. ಅದನ್ನು ನೆಟ್ಟಗೆ ಓದಿರಲೂ ಇಲ್ಲ.

ನನ್ನ ಗೈಡ್ ಬಿರಾದಾರ ಸರ್. ಒಳ್ಳೆಯ ಸರ್ಜನ್, ಅಷ್ಟೇ ಸಿಟ್ಟಿನ ಮನುಷ್ಯ. ವಾರ್ಡಿಗೆ ಅವರು ಬಂದರೆಂದರೆ ನಾವೆಲ್ಲ ಗೋಡೆಗೆ ಅಂಟಿಕೊಳ್ಳುತ್ತಿದ್ದೆವು. ಕಾಲೇಜಿನ ಹಿಂಭಾಗದಲ್ಲಿದ್ದ ಎನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದವರು ಮಾಳಪ್ಪ ಕಾಕಾ. ಮಮದಾಪುರದವರು, ಕುರಿ ಕಾಯ್ದ ಮನೆತನ. ಐವತ್ತು ದಾಟಿತ್ತು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಇಲಿಗಳ ಪಂಜರ ತೊಳೆಯುವುದು, ಕಾಳು ನೀರು ಇಡುವುದು, ತೂಕ ಬರೆಯುವುದು ಅವರ ಕೆಲಸ. ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದರು.

ಪ್ರಾಣಿಗಳಿರುವ ಕೋಣೆಗೆ ಏಸಿ ಇತ್ತು, ಪಕ್ಕದ ಪುಟ್ಟ ಆಪರೇಷನ್ ಕೋಣೆಗೆ ಇರಲಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ ಆ ಕೋಣೆ ರೊಟ್ಟಿ ಸುಡುವ ಹಂಚಾಗುತ್ತಿತ್ತು. ಇಂಥ ಸೆಕೆಯಲ್ಲಿ ಇಲಿಗಳನ್ನು ಮಲಗಿಸಿ ಹೊಟ್ಟೆ ಕೊಯ್ಯುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಕೂಲರ್ ಬೇಕೆಂದು ಆಫೀಸಿಗೆ ಅರ್ಜಿ ಕೊಟ್ಟೆ. ಆಫೀಸಿನವರು ನಕ್ಕರು. ಎರಡನೆಯ ಅರ್ಜಿ ಕೊಟ್ಟೆ, ಮತ್ತೆ ನಕ್ಕರು. ಮೂರನೆಯದನ್ನು ಕೊಡಲು ಹೋದವಳು ಅವರ ಕುರ್ಚಿಯ ಮುಂದೆಯೇ ಕೂತುಬಿಟ್ಟೆ. ಪೀಡೆ ತೊಲಗಲಿ ಎಂದು ಕೂಲರ್ ಕೊಟ್ಟರು.

ಅದು ಬಂದ ದಿನ ನನ್ನ ಜಂಬ ಹೇಳತೀರದು. "ಕಾಕಾ, ಗಾಳಿ ಸೀದಾ ಟೇಬಲ್ ಮ್ಯಾಲೆ ಬರೂಹಂಗ ಇಡ್ರಿ. ಪಾಪ, ಅವಕ್ಕ ಸೆಕಿ ಆಗಬಾರದು," ಅಂದೆ.

ಕಾಕಾ ಹುಲ್ಲಿಗೆ ನೀರು ಹಾಕುತ್ತ, "ಇಲಿಗೋಳ ನಸೀಬ ನೋಡ್ರಿ ಅಕ್ಕಾರ. ನಮ್ಮ ಮನ್ಯಾಗ ನನಗ ಫ್ಯಾನ್ ಸೈತ ಪಾಳಿ ಮ್ಯಾಲೆ ಬರತೈತಿ," ಅಂದರು.

ಮೊದಲ ವಾರ ಆರು ಇಲಿ. ತೂಕ ನೋಡಿ ಅರಿವಳಿಕೆ ಕೊಟ್ಟು, ಮಲಗಿದ ಮೇಲೆ ಹೊಟ್ಟೆಯ ಕೂದಲು ತೆಗೆದು, ಒಂದಕ್ಕೆ ಮೂರು ಸಲ ಸ್ಪಿರಿಟ್ ಒರೆಸಿ, ಸ್ಟೀಲ್ ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿ ಆಪರೇಷನ್ ಮಾಡಿದೆ. ಕೊಯ್ತ ಚಿಕ್ಕದು, ರಕ್ತ ಹನಿಯಷ್ಟೂ ಹೋಗಿರಲಿಲ್ಲ, ಹೊಲಿಗೆ ನಾನೇ ಮುತ್ತಿಡುವಷ್ಟು ಚೆಂದ ಬಂದಿತ್ತು. ಕೂಲರಿನ ಗಾಳಿಯಲ್ಲಿ ಹಾಯಾಗಿ ಕೆಲಸ ಮುಗಿಸಿದೆ. ಪಂಜರಕ್ಕೆ ಹಾಕಿದ ಆರರಲ್ಲಿ ಮೂರು ಏಳಲೇ ಇಲ್ಲ. ಉಸಿರು ನಿಧಾನವಾಗುತ್ತ ಆಗುತ್ತ ನಿಂತುಹೋಯಿತು.

ಬಿರಾದಾರ ಸರ್ ರಿಜಿಸ್ಟರ್ ನೋಡಿದರು. "ಡೋಸ್ ತಪ್ಪೈತಿ. ತೂಕ ಸರಿಯಾಗಿ ನೋಡು," ಅಂದರು. ನಾನು ಎಲ್ಲವನ್ನೂ ಎರಡೆರಡು ಸಲ ಕೂಡಿ ಕಳೆದು ನೋಡಿದೆ. ಡೋಸ್ ಸರಿಯಾಗಿಯೇ ಇತ್ತು.

ಎರಡನೆಯ ವಾರ ಮಂಗಳವಾರ ಮೂರು ಇಲಿ ಮಾಡಿದೆ. ಎರಡು ಸತ್ತವು. ಗುರುವಾರ ಮತ್ತೆ ಮೂರು. ಅವತ್ತು ಮೊದಲನೆಯದನ್ನು ಮಲಗಿಸುತ್ತಿದ್ದ ಹಾಗೆಯೇ ಕರೆಂಟ್ ಹೋಯಿತು. ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ, ಜನರೇಟರಿನ ಲೈನು ಎನಿಮಲ್ ಹೌಸಿನ ತನಕ ಬಂದೂ ಇರಲಿಲ್ಲ. ಕಿಟಕಿಯ ಬೆಳಕಿನಲ್ಲೇ ಕೆಲಸ ಮಾಡಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಾಕಾ ಗಾಜ್ ಬಟ್ಟೆಯಿಂದ ನನ್ನ ಹಣೆ ಒರೆಸುತ್ತ ಕರೆಂಟಿನವರ ಮೂರು ತಲೆಮಾರನ್ನು ಬೈದರು. ಮೂರೂ ಇಲಿ ಅರ್ಧ ಗಂಟೆಯಲ್ಲಿ ಎದ್ದು ಓಡಾಡತೊಡಗಿದವು. ನನ್ನ ಕೈ ಪಳಗಿತು ಅಂದುಕೊಂಡೆ. ಅದೇ ಖುಷಿಯಲ್ಲಿ ಕಾಕಾನಿಗೆ ಮಿರ್ಚಿಭಜಿ ಚಹಾ ಕೊಡಿಸಿದೆ.

ಮೂರನೆಯ ವಾರ ಕರೆಂಟ್ ಇತ್ತು, ಕೂಲರ್ ಭರ್ರೆಂದು ಓಡುತ್ತಿತ್ತು. ಮೊದಲ ಎರಡೂ ಇಲಿ ಸತ್ತವು. ಪಳಗಿದ ಕೈ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸರ್ ಅವತ್ತು ಪಕ್ಕದಲ್ಲೇ ನಿಂತಿದ್ದರು. "ಡೋಸ್ ಕಡಿಮಿ ಮಾಡು. ಮೂರರಾಗ ಒಂದು ಪಾಲು ತಗದು ಬಿಡು," ಅಂದರು. ಹಾಗೆಯೇ ಮಾಡಿದೆ. ಮೂರನೆಯ ಇಲಿ ಮಲಗಿತು. ಕೊಯ್ಯುವ ಮುಂಚೆ ಅರಿವಳಿಕೆ ಹತ್ತಿದೆಯೋ ಇಲ್ಲವೋ ತಿಳಿಯಲು ಹಿಂಗಾಲಿನ ಬೆರಳನ್ನು ಚಿಮಟಿಗೆಯಿಂದ ಒತ್ತಿ ನೋಡುತ್ತೇವೆ. ಒತ್ತಿದೆ. ಇಲಿ ಮೆಲ್ಲಗೆ ಕಾಲು ಎಳೆದುಕೊಂಡಿತು.

"ಮಾಡು, ಮಾಡು. ಐದು ನಿಮಿಷದ ಕೆಲಸ," ಅಂದರು ಸರ್.

ಮತ್ತೊಮ್ಮೆ ಒತ್ತಿದೆ. ಮತ್ತೆ ಎಳೆದುಕೊಂಡಿತು. ಅರ್ಜಿಯಿಂದ ಅರ್ಜಿಗೆ ಎತ್ತಿ ಹಾಕಿದ್ದ ಆ ಸಾಲು ಯಾಕೋ ಆಗ ನೆನಪಾಯಿತು. ಬ್ಲೇಡನ್ನು ಟ್ರೇಯಲ್ಲಿ ಇಟ್ಟೆ. "ಇಲ್ರೀ ಸರ್. ಇದಕ್ಕ ಗೊತ್ತಾಗಾಕತ್ತೈತಿ. ನಾ ಕೊಯ್ಯೂದಿಲ್ಲ," ಅಂದೆ.

ಬಿರಾದಾರ ಸರ್‌ಗೆ ‘ಇಲ್ಲ’ ಅಂದವರನ್ನು ನಾನು ಆವರೆಗೆ ಕಂಡಿರಲಿಲ್ಲ. ಅವರೂ ಕಂಡಿರಲಿಲ್ಲವೆಂದು ತೋರುತ್ತದೆ. ಗ್ಲೌಸ್ ಕಿತ್ತು ಬಕೆಟ್ಟಿಗೆ ಎಸೆದು, "ಹಂಗಾದ್ರ ಥೀಸಿಸ್ ಮರ್ತಬಿಡು," ಎಂದು ಹೋದರು. ಇಲಿ ಪಂಜರದಲ್ಲಿ ಎದ್ದು ಮೂಗು ಒರೆಸಿಕೊಳ್ಳುತ್ತಿತ್ತು. ನಾನು ಅದರ ಎದುರು ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಡೋಸ್ ಪೂರ್ತಿ ಕೊಟ್ಟರೆ ಸಾಯುತ್ತವೆ, ಕಡಿಮೆ ಕೊಟ್ಟರೆ ನೋಯುತ್ತವೆ. ನಡುವೆ ನನಗೆ ದಾರಿಯೇ ಕಾಣಲಿಲ್ಲ.

ಏಳು ಇಲಿ ಸತ್ತಿದ್ದನ್ನು ನಾನೇ ಕಮಿಟಿಗೆ ಬರೆದು ಕೊಟ್ಟೆ. ಉತ್ತರ ಬಂತು. ಕೆಲಸ ನಿಲ್ಲಿಸಬೇಕು. ಕೊನೆಯ ಅವಕಾಶವಾಗಿ ಆರು ಇಲಿ ಕೊಡುತ್ತಾರೆ, ಕಮಿಟಿಯ ಹಿರಿಯ ಪಶುವೈದ್ಯರು ಎದುರಿಗೆ ನಿಂತಿರುತ್ತಾರೆ. ಒಂದು ಸತ್ತರೂ, ಒಂದಕ್ಕೆ ನೋವಾದರೂ ಅನುಮತಿ ರದ್ದು. ಅನುಮತಿ ಹೋದರೆ ಈ ವಿಷಯವೇ ಹೋದ ಹಾಗೆ. ಬೇರೆ ವಿಷಯ, ಬೇರೆ ಅರ್ಜಿ, ನನ್ನ ಜೊತೆಯವರೆಲ್ಲ ಸರ್ಜನ್ ಆಗಿ ಹೊರಬೀಳುವಾಗ ನಾನು ಇನ್ನೊಂದು ವರ್ಷ ಅಲ್ಲೇ.

ಆ ಭಾನುವಾರ ತಿಕೋಟಾಕ್ಕೆ, ನಮ್ಮ ಮನೆಗೆ ಹೋದೆ. ದ್ರಾಕ್ಷಿ ಒಣಗಿಸುವ ಕಾಲ. ಶೆಡ್ಡಿನಲ್ಲಿ ಅವ್ವ ಹೆಣ್ಣುಮಕ್ಕಳ ಜೊತೆ ಕೂತು ಒಣಗಿದ ದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು. ಪತ್ರದ ವಿಷಯ ಹೇಳಿದೆ. ಅವ್ವ ಕೈ ನಿಲ್ಲಿಸದೆ ಕೇಳಿದಳು: "ಆಪರೇಷನ್ ಆದಮ್ಯಾಲೆ ಅವನ್ನ ಏನ್ ಮಾಡ್ತಿ?"

"ಮೂರು ವಾರ ಬಿಟ್ಟು ಹೊಲಿಗಿ ಎಷ್ಟು ಗಟ್ಟಿ ಆಗೈತಿ ನೋಡಬೇಕು. ಅದಕ್ಕ ಅವು ಜೀವಂತ ಇರೂದಿಲ್ಲ ಬೇ. ಮದ್ದು ಕೊಟ್ಟು ಮಲಗಿಸಿಬಿಡ್ತೀವಿ."

"ಕಡೀಕ ಸಾಯೂವ ಆದ್ರ ಈಗ ನೋವಾದ್ರೇನು, ಆಗದಿದ್ರೇನು? ಯಾಕಿಷ್ಟು ಮನಸಿಗಿ ಹಚ್ಚಗೊಂತಿ?"

ಅವ್ವ ಒಣ ಮಾತು ಆಡಿದ್ದಲ್ಲ, ನನ್ನ ಸಂಕಟ ಕಡಿಮೆ ಮಾಡಲು ಕೇಳಿದ್ದು. ಒಂದು ಮುಷ್ಟಿ ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು ನಾನೂ ಕಡ್ಡಿ ಬಿಡಿಸಲು ಕೂತೆ. ಸೋಮವಾರ ಬೆಳಿಗ್ಗೆ ವಿಜಯಪುರಕ್ಕೆ ಬಂದವಳು ಅದೇ ಪ್ರಶ್ನೆಯನ್ನು ಮಾಳಪ್ಪ ಕಾಕಾನಿಗೆ ಕೇಳಿದೆ.

ಕಾಕಾ ಪಂಜರ ತಿಕ್ಕುತ್ತಿದ್ದವರು ತಿರುಗಿ ನೋಡಿದರು. ನನ್ನಂಥ ಓದಿದವಳು ಇದನ್ನು ಕೇಳಬಹುದೇ ಎನ್ನುವ ಹಾಗಿತ್ತು ಮುಖ. "ಕುರಿನೂ ಕಡೀಕ ಕಡ್ಯಾಕ ಹೋಗತೈತ್ರಿ ಅಕ್ಕಾರ. ಹಂಗಂತ ಅದರ ಕಾಲಾಗ ಮುಳ್ಳು ಮುರದ್ರ ತಗೀಲಾರದ ಬಿಡ್ತೀವೇನು?"

ಅಷ್ಟು ಹೇಳಿ ಮತ್ತೆ ತಿಕ್ಕಲು ಶುರು ಮಾಡಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಕಾ ತಿಕ್ಕುತ್ತಲೇ, ಹೇಳಲೋ ಬೇಡವೋ ಎನ್ನುವಂತೆ ಇನ್ನೊಂದು ಮಾತು ಅಂದರು. "ನಿಮ್ಮ ಸರ್ ಡೋಸ್ ಅಂತಾರ, ನೀವು ಕೈ ಅಂತೀರಿ. ನಾ ಶಾಣ್ಯಾ ಅಲ್ರೀ. ಆದ್ರ ಕರೆಂಟ್ ಹೋದ ದಿನ ಒಂದೂ ಸತ್ತಿಲ್ಲ ನೋಡ್ರಿ."

"ಅದಕ್ಕೇನ್ ಸಂಬಂಧ ಕಾಕಾ?"

"ಸತ್ತ ಇಲಿಗೋಳ್ನ ಎತ್ತಿ ಹಾಕಿದಾಂವ ನಾನ ಅಲ್ಲೇನ್ರೀ? ಕಿವಿ, ಬಾಲ ಎಲ್ಲಾ ತಣ್ಣಗ ಕೊರದಂಗ ಆಗಿದ್ದುವು, ಇನ್ನೂ ಉಸರು ಇದ್ದಾಗನ. ಹಸೀ ಕುರಿಮರಿ ಗಾಳಿಗೆ ಬಿದ್ರ ಹಂಗ ಆಕ್ಕಾವು. ನಾವು ಮೊದಲ ಕಿವಿ ಮುಟ್ಟಿ ನೋಡ್ತೀವಿ. ಕಿವಿ ತಣ್ಣಗಾತು ಅಂದ್ರ ಮರಿ ಕೈ ಬಿಟ್ತು ಅಂತನ ಲೆಕ್ಕ."

ನನಗೆ ನಗು ಬಂತು, ಮರುಕ್ಷಣ ಸಿಟ್ಟೂ ಬಂತು. "ಯಪ್ಪಾ, ವಿಜಾಪುರದ ಬ್ಯಾಸಗ್ಯಾಗ ಚಳಿಗೆ ಸತ್ತುವು ಅಂದ್ರ ಯಾರರ ನಂಬತಾರೇನ್ರಿ?"

"ಎಚ್ಚರ ಇದ್ದ ಜೀವ ನಡಗತೈತ್ರಿ, ಮುದುಡಿ ಕುಂದರತೈತಿ. ನೀವು ಮಲಗಿಸಿದ್ದಕ್ಕ ನಡಗಾಕ ಎಲ್ಲಿ ಬರತೈತಿ?"

ರಿಜಿಸ್ಟರ್ ತೆಗೆದೆ. ಸತ್ತ ಏಳೂ ಕೂಲರ್ ಓಡಿದ ದಿನದವು. ಕೂಲರ್ ಓಡಿದ ದಿನ ಆಪರೇಷನ್ ಆಗಿ ಬದುಕಿದವೂ ಏಳಲು ಎರಡು ಗಂಟೆಗೂ ಹೆಚ್ಚು ಹಿಡಿದಿದ್ದವು. ಪುಸ್ತಕ ತೆಗೆದೆ. ಅರಿವಳಿಕೆಯಲ್ಲಿರುವ ಸಣ್ಣ ಪ್ರಾಣಿಯನ್ನು ಬೆಚ್ಚಗಿಡಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಿಯೂ ಇದ್ದೆ. ಓದಿ, ಇದು ಹಿಮ ಬೀಳುವ ದೇಶದವರಿಗೆ ಬರೆದ ಮಾತು, ನಮಗಲ್ಲ ಎಂದು ಪುಟ ತಿರುವಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆದರೂ ಖಾತ್ರಿ ಬೇಕಿತ್ತು. ಅದಕ್ಕಾಗಿ ಇನ್ನೊಂದು ಇಲಿಯನ್ನು ಬಲಿಕೊಡುವ ಹಾಗಿರಲಿಲ್ಲ. ಆಗ ಹೊಳೆದದ್ದು ಗ್ಲೌಸ್. ಇಲಿಯ ಮೈಯಷ್ಟೇ ಬಿಸಿಯಾದ ನೀರನ್ನು ಇಲಿಯಷ್ಟೇ ತೂಕಕ್ಕೆ ಒಂದು ಆಪರೇಷನ್ ಗ್ಲೌಸಿನೊಳಗೆ ತುಂಬಿ, ಥರ್ಮಾಮೀಟರ್ ಇಳಿಬಿಟ್ಟು, ಬಾಯಿ ಕಟ್ಟಿದೆವು. ಐದು ಬೆರಳು ಆಕಾಶಕ್ಕೆ ಚಾಚಿಕೊಂಡಿದ್ದ ಆ ಇಲಿಯನ್ನು ನೋಡಿ ಕಾಕಾ, "ಇದಕ್ಕ ಹೆಸರಿಡ್ರಿ ಅಕ್ಕಾರ," ಅಂದರು. ಸ್ಟೀಲ್ ಟೇಬಲ್ಲಿನ ಮೇಲೆ ಮಲಗಿಸಿ, ಮೂರು ಸಲ ಸ್ಪಿರಿಟ್ ಒರೆಸಿ, ಕೂಲರ್ ಹಚ್ಚಿ ಗಡಿಯಾರ ನೋಡುತ್ತ ಕೂತೆವು. ಹೊರಗೆ ಹಕ್ಕಿಗಳು ಬಾಯಿ ತೆರೆದು ಕೂರುವಂಥ ಬಿಸಿಲು. ಮೂವತ್ತೇಳರಿಂದ ಹೊರಟ ಪಾದರಸ ಇಪ್ಪತ್ತು ನಿಮಿಷಕ್ಕೆ ಇಪ್ಪತ್ತೊಂಬತ್ತಕ್ಕೆ ಬಂದು ಕೂತಿತು. ಕೂಲರ್ ಬಂದ್ ಮಾಡಿ, ಕಾಕಾ ಕೂರಲು ಇಟ್ಟುಕೊಂಡಿದ್ದ ಕಂಬಳಿಯ ತುಂಡು ಹಾಸಿ, ಸ್ಪಿರಿಟ್ ಒಂದೇ ಸಲ ಒರೆಸಿ ಮತ್ತೊಂದು ಗ್ಲೌಸ್ ಮಲಗಿಸಿದೆವು. ಅದು ಮೂವತ್ತಾರರ ಕೆಳಗೆ ಇಳಿಯಲೇ ಇಲ್ಲ.

ನಾನು ಕಿರುಚಿದೆನೋ ಕುಣಿದೆನೋ ನೆನಪಿಲ್ಲ. ಕಾಕಾ ಮಾತ್ರ ಬಾಗಿಲು ಮುಚ್ಚಿದರು, ಹೊರಗಿನವರು ಏನಂದುಕೊಂಡಾರು ಎಂದು. ಆಮೇಲೆ ನಾಚಿಕೆಯಾಯಿತು. ಆ ಇಲಿಗಳನ್ನು ಕೊಂದದ್ದು ನನ್ನ ಡೋಸೂ ಅಲ್ಲ, ಕೈಯೂ ಅಲ್ಲ. ಮೂರು ಅರ್ಜಿ ಬರೆದು, ಆಫೀಸಿನಲ್ಲಿ ಧರಣಿ ಕೂತು ತಂದ ನನ್ನ ಕರುಣೆಯೇ ಅವುಗಳನ್ನು ಕೊಂದಿತ್ತು.

ಮುಂದಿನ ಹತ್ತು ದಿನ ನಾವಿಬ್ಬರೂ ಕೂತು ಎಲ್ಲವನ್ನೂ ಹೊಸದಾಗಿ ಹೊಂದಿಸಿದೆವು. ಕಾಕಾ ಮನೆಯಿಂದ ಹಳೆಯ ಕರಿ ಕಂಬಳಿ ತಂದರು. ಉಣ್ಣೆಯ ಎಳೆ ಗಾಯಕ್ಕೆ ಬೀಳಬಾರದೆಂದು ಅದರ ತುಂಡುಗಳನ್ನು ಬಿಳಿ ಬಟ್ಟೆಯೊಳಗೆ ಹೊಲಿದು, ಉಪಕರಣಗಳ ಜೊತೆಗೇ ಆವಿಯಲ್ಲಿ ಬೇಯಿಸಿದೆವು. ಕಂಬಳಿಯ ಕೆಳಗೆ ಬಿಸಿನೀರಿನ ಚೀಲ. ಹೊಟ್ಟೆಗೆ ಹನಿಸುವ ಸಲೈನೂ ಬೆಚ್ಚಗಿರಬೇಕು. ನೋವಿನ ಇಂಜೆಕ್ಷನ್ನನ್ನು ಆಪರೇಷನ್ ಆದ ಮೇಲೆ ಕೊಡುತ್ತಿದ್ದೆ. ಈಗ ಕೊಯ್ಯುವ ಮುಂಚೆಯೇ ಕೊಡುವುದು, ನೋವು ಹುಟ್ಟುವ ಮೊದಲೇ ಅದರ ದಾರಿ ಕಟ್ಟುವುದು ಎಂದು ಗೊತ್ತು ಮಾಡಿದೆ. ಕೊಯ್ಯುವ ಗೆರೆಯುದ್ದಕ್ಕೂ ಮರಗಟ್ಟಿಸುವ ಮದ್ದು ಬೇರೆ. ಅರಿವಳಿಕೆಯ ಡೋಸ್ ಮಾತ್ರ ಪೂರ್ತಿ, ಒಂದು ಹನಿಯೂ ಕಡಿಮೆಯಿಲ್ಲ. ಇದೆಲ್ಲವನ್ನು ಬರೆದು ಬಿರಾದಾರ ಸರ್ ಟೇಬಲ್ಲಿನ ಮೇಲೆ ಇಟ್ಟು ಬಂದೆ. ಅವರು ಓದಿದರೋ ಇಲ್ಲವೋ ತಿಳಿಯಲಿಲ್ಲ.

ಮೇ ತಿಂಗಳ ಆ ದಿನ ಬಂತು. ಪಶುವೈದ್ಯರು ನಿವೃತ್ತರಾದವರು, ತೆಳ್ಳಗಿನ ವೃದ್ಧರು. ನಾವೆಲ್ಲ ಅಜ್ಜಾರು ಅನ್ನುತ್ತಿದ್ದೆವು. ಬೆಳಿಗ್ಗೆಯೇ ಬಂದು ಮೂಲೆಯ ಸ್ಟೂಲಿನಲ್ಲಿ ಕೂತರು. ಬಿರಾದಾರ ಸರ್ ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು. ಕೈ ತೊಳೆದು, ಗೌನು, ಮಾಸ್ಕು, ಗ್ಲೌಸ್ ಹಾಕಿಕೊಂಡು ನನ್ನ ಎದುರು ನಿಂತರು. ಗೋಡೆಯ ಥರ್ಮಾಮೀಟರ್ ನಲವತ್ತು ತೋರಿಸುತ್ತಿತ್ತು. ಎರಡು ನಿಮಿಷಕ್ಕೆ ಅವರ ಗೌನು ಬೆನ್ನಿಗೆ ಅಂಟಿತು.

"ಏ ಮಾಳಪ್ಪಾ, ಕೂಲರ್ ಹಚ್ಚಲೇ!"

ಕಾಕಾ ನನ್ನ ಮುಖ ನೋಡಿದರು. "ಹಚ್ಚೂದಿಲ್ರೀ ಸರ್. ಇಲಿ ಏಳೂ ತನಕ ಕೂಲರ್ ಬಂದ್," ಅಂದೆ.

"ನಾ ಬೇಯಾಕತ್ತೇನಿ ಇಲ್ಲಿ!"

"ಹೌದ್ರಿ ಸರ್. ಎಲ್ಲಾರೂ ಬೇಯಾಕತ್ತೇವಿ."

ಮೂಲೆಯಿಂದ ಅಜ್ಜಾರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಆಮೇಲೆ ಗೊತ್ತಾಯಿತು. ಸರ್ ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ, ದಾರ ಹಿಡಿಯಲು ಕೈ ಚಾಚಿದರು.

ಮೊದಲ ಇಲಿಯ ಕಾಲಿನ ಬೆರಳು ಒತ್ತಿದೆ. ಕದಲಲಿಲ್ಲ. ಅಜ್ಜಾರು ಎದ್ದು ಬಂದು ತಾವೇ ಒತ್ತಿ ನೋಡಿ ತಲೆಯಾಡಿಸಿದರು. ಕೊಯ್ದೆ. ಒಳಪದರಕ್ಕೆ ಸಣ್ಣ ಸಣ್ಣ ಹೊಲಿಗೆ, ಬೆವರು ಮಾಸ್ಕಿನೊಳಗೆ ಇಳಿದು ಉಪ್ಪುಪ್ಪು. ಐದೈದು ನಿಮಿಷಕ್ಕೆ ಕಾಕಾ ಥರ್ಮಾಮೀಟರ್ ಓದಿ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಂತೆ ಕೂಗುತ್ತಿದ್ದರು. "ಮೂವತ್ತಾರೂವರಿ! ಮೂವತ್ತೇಳು!" ಮೂವತ್ತೆಂಟರ ಹತ್ತಿರ ಹೋದರೆ ಬಿಸಿನೀರಿನ ಚೀಲ ಸರಿಸುವುದು, ಇಳಿದರೆ ಮತ್ತೆ ಇಡುವುದು. ಹೊಲಿಗೆ ಮುಗಿದೊಡನೆ ಕಾಕಾ ಇಲಿಯ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಬೆಚ್ಚಗೈತ್ರಿ," ಅಂದು ಪಂಜರಕ್ಕೆ ಇಳಿಸಿದರು. ಥರ್ಮಾಮೀಟರಿಗಿಂತ ಆ ಮಾತಿಗೆ ನನಗೆ ಧೈರ್ಯ ಬರುತ್ತಿತ್ತು.

ಮೂರನೆಯ ಇಲಿಯನ್ನು ಹೊಲಿಯುತ್ತಿರುವಾಗ ಹಿಂದಿನಿಂದ ಸರಪರ ಸದ್ದಾಯಿತು. ಮೊದಲನೆಯದು ಎದ್ದಿತ್ತು. ನಾನು ತಿರುಗಿ ನೋಡಲಿಲ್ಲ, ಕೈಯಲ್ಲಿ ಸೂಜಿಯಿತ್ತು. "ಎದ್ದೈತ್ರಿ, ಒಂದು!" ಅಂದರು ಕಾಕಾ. ಐದನೆಯದರ ಹೊತ್ತಿಗೆ, "ಮೂರಾದುವು!" ಆರನೆಯದೂ ಮುಗಿದು ಗ್ಲೌಸ್ ಬಿಚ್ಚಿದಾಗ ಅದರೊಳಗಿನಿಂದ ಬೆವರು ಸುರಿಯಿತು. ಆಮೇಲೆ ಆರೂ ಪಂಜರಗಳ ಮುಂದೆ ನಾವು ನಾಲ್ವರೂ ಸಾಲಾಗಿ ನಿಂತೆವು. ಆರನೆಯದು ತಲೆ ಎತ್ತಿತು, ವಾಲಿತು, ಮತ್ತೆ ಎತ್ತಿತು, ನಾಲ್ಕು ಕಾಲ ಮೇಲೆ ನಿಂತಿತು.

ಬಿರಾದಾರ ಸರ್ ಮಾಸ್ಕ್ ಇಳಿಸಿದರು. ಮುಖ ಕೆಂಪಾಗಿತ್ತು. "ಮಾಳಪ್ಪ, ಈಗರ ಹಚ್ಚಪಾ," ಅಂದರು. ಕಾಕಾ ಇಲಿಗಳ ಪಂಜರಗಳನ್ನು ಒಂದೊಂದಾಗಿ ಏಸಿ ಇಲ್ಲದ, ಕಾಳು ಇಡುವ ಬೆಚ್ಚಗಿನ ಕೋಣೆಗೆ ಸಾಗಿಸಿ, ಆಮೇಲೆಯೇ ಬಂದು ಸ್ವಿಚ್ ಒತ್ತಿದರು. ಇಡೀ ವಿಭಾಗ ಹೆದರುವ ಸರ್ಜನ್ ಎರಡೂ ಕೈ ಅಗಲಿಸಿ ಕೂಲರಿನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡರು.

ಆದರೆ ಎದ್ದರೆ ಸಾಲದು, ನೋವಿರಬಾರದು. ಇಲಿ ನೋವನ್ನು ಮನುಷ್ಯರ ಎದುರು ತೋರಿಸುವ ಪ್ರಾಣಿಯಲ್ಲ, ಬಚ್ಚಿಡುತ್ತದೆ. ಅಜ್ಜಾರು ಸಂಜೆ ಹೊರಡುವಾಗ ಪ್ರತಿ ಪಂಜರಕ್ಕೂ ಒಂದು ಹಿಡಿ ಕಾಗದದ ಪಟ್ಟಿಗಳನ್ನು ಹಾಕಲು ಹೇಳಿದರು. "ಹುಷಾರಿದ್ದ ಇಲಿ ಅದನ್ನ ಒಟ್ಟು ಮಾಡಿ ಗೂಡು ಕಟ್ಟತೈತಿ. ನೋವಿದ್ದದ್ದು ಮುಟ್ಟೂದಿಲ್ಲ. ನಾಳಿ ಮುಂಜಾನೆ ಬರ್ತೇನಿ," ಅಂದರು.

ಮರುದಿನ ಬೆಳಿಗ್ಗೆ ಅಜ್ಜಾರಿಗಿಂತ ಮುಂಚೆ ನಾನು ಹೋದೆ, ನನಗಿಂತ ಮುಂಚೆ ಕಾಕಾ ಬಂದಿದ್ದರು. ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದರು. ಆರು ಪಂಜರಗಳಲ್ಲಿ ಆರು ಗೂಡು. ಒಂದಂತೂ ಕಾಗದವನ್ನು ಸಣ್ಣಗೆ ಹರಿದು, ದುಂಡಗೆ ಜೋಡಿಸಿ, ಅದರೊಳಗೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹೊಲಿಗೆ ಒಣಗಿ ನೆಟ್ಟಗಿತ್ತು, ಒಂದೂ ಅದನ್ನು ಕಚ್ಚಿರಲಿಲ್ಲ. ಅಜ್ಜಾರು ಬಂದು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿ, ವರದಿಯಲ್ಲಿ ಬರೆದದ್ದು ಎರಡೇ ಸಾಲು: ‘ಆರೂ ಆರೋಗ್ಯವಾಗಿವೆ, ಒಂದಕ್ಕೂ ನೋವಿಲ್ಲ. ಕೆಲಸ ಮುಂದುವರಿಸಬಹುದು.’ ನಾನು ಆ ಕಾಗದವನ್ನು ಇವತ್ತಿಗೂ ಡಿಗ್ರಿ ಸರ್ಟಿಫಿಕೇಟಿನ ಜೊತೆ ಇಟ್ಟಿದ್ದೇನೆ.

ಥೀಸಿಸ್ ಆ ವರ್ಷವೇ ಮುಗಿಯಿತು. ಆ ಇಲಿಗಳು ಮೂರು ವಾರದ ನಂತರ ಇರಲಿಲ್ಲ, ಅದನ್ನು ಮರೆಮಾಚುವುದಿಲ್ಲ. ಅವು ಬೆಚ್ಚಗೆ, ನಿದ್ದೆಯಲ್ಲಿ, ಕಾಕಾನ ಅಂಗೈಯಲ್ಲಿ ಹೋದವು. ನನ್ನ ಇಲಿಗಳಲ್ಲಿ ಸಣ್ಣ ಹೊಲಿಗೆಯೇ ಹೆಚ್ಚು ತಾಳಿತು. ಈಗ ನಾನು ಯಾವ ಹೆಣ್ಣುಮಗಳ ಹೊಟ್ಟೆ ಮುಚ್ಚಿದರೂ ಆ ಹೊಲಿಗೆಯನ್ನೇ ಹಾಕುತ್ತೇನೆ, ಹಾಕುವಾಗ ಬೆರಳು ಆ ಸೆಕೆಯ ಕೋಣೆಯನ್ನು ನೆನೆಯುತ್ತದೆ. ಅನುಮತಿ ಮತ್ತೆ ಕೈಗೆ ಬಂದ ದಿನ ಮಾಳಪ್ಪ ಕಾಕಾ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಆಪರೇಷನ್ ಕೋಣೆಯ ಬಾಗಿಲಿಗೆ ಅಂಟಿಸಿದರು: ‘ಕೂಲರ್ ಎಚ್ಚರ ಇದ್ದವರಿಗೆ ಮಾತ್ರ.’ ಬಿರಾದಾರ ಸರ್ ಅದನ್ನು ಓದಿ ಒಳಗೆ ಹೋದರು. ಮುಂದಿನ ವಾರ ನೋಡಿದರೆ ಅದರ ಕೆಳಗೆ ಸಹಿ ಮಾಡಿ ವಿಭಾಗದ ಸಿಕ್ಕಾ ಒತ್ತಿದ್ದರು.

ಮಮದಾಪುರದ ಬಸ್ಸು ಬಂತು. ಕಾಕಾ ನಿವೃತ್ತರಾಗಿ ಈಗ ಊರಲ್ಲೇ ಇದ್ದಾರೆ. ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಮನೆ. ನಾನು ಹೊಸಿಲು ದಾಟಿದಾಗ ಬೆವರಿನಿಂದ ತೊಯ್ದು ತಪ್ಪಡಿಯಾಗಿದ್ದೆ. "ಬರ್ರಿ ಅಕ್ಕಾರ, ಬರ್ರಿ! ಸರ್ಜನ್ ಅಕ್ಕಾರು ಬಂದ್ರು!" ಎಂದು ಕಾಕಾ ಇಡೀ ಓಣಿಗೆ ಕೇಳುವಂತೆ ಕೂಗಿದರು. ಪಡಸಾಲೆಯಲ್ಲಿ ಹೊಸ ಕೂಲರ್ ಇತ್ತು. ಸೊಸೆ ನನ್ನ ಅವಸ್ಥೆ ನೋಡಿ ಸ್ವಿಚ್ಚಿಗೆ ಕೈ ಹಾಕಿದಳು.

"ಏ, ತಡಿಯವ್ವಾ!" ಅಂದರು ಕಾಕಾ.

ಮೂಲೆಯಲ್ಲಿ ಕಂಬಳಿಯ ಮೇಲೆ ಅವತ್ತೇ ಹುಟ್ಟಿದ ಕುರಿಮರಿಯೊಂದು ಮಲಗಿತ್ತು. ಕಾಕಾ ಬಗ್ಗಿ ಅದರ ಕಿವಿ ಮುಟ್ಟಿ ನೋಡಿ, ಕಂಬಳಿ ಸಮೇತ ಎತ್ತಿ ಒಳಕೋಣೆಗೆ ಒಯ್ದು ಮಲಗಿಸಿ ಬಂದರು. "ಈಗ ಹಚ್ಚು. ಅಕ್ಕಾರು ಎಚ್ಚರ ಅದಾರ."

ಕೂಲರ್ ಶುರುವಾಯಿತು. ಹಸಿ ಹುಲ್ಲಿನ ವಾಸನೆಯ ತಂಪು ಗಾಳಿ ಮುಖದ ಮೇಲೆ ಬಂತು. ಎಷ್ಟೋ ವರ್ಷಗಳ ನಂತರ ಆ ವಾಸನೆ ನನಗೆ ಹಿತವೆನಿಸಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

"ಅಕ್ಕಾರ, ಕಣ್ಣ ತಗೀರಿ," ಅಂದರು ಮಾಳಪ್ಪ ಕಾಕಾ. "ಇಲ್ಲಂದ್ರ ಕೂಲರ್ ಬಂದ್ ಮಾಡಬೇಕಾಗತೈತಿ."